ನಾಲ್ಕು ಕೋಳಿಗೆ ಒಂದು ಸಹಿ

ಪಕ್ಕದ ಮನೆಯ ಶರಣವ್ವ ನಾನು ಕೊಟ್ಟ ಕಾಗದವನ್ನು ಎರಡು ಸಲ ಓದಿ ಹುಬ್ಬು ಗಂಟಿಕ್ಕಿದರು. ಮೊಟ್ಟೆಯನ್ನೂ ಮುಟ್ಟದ ಮನೆತನ ಅವರದು. ನನಗೋ ಈ ವಯಸ್ಸಿನಲ್ಲಿ ಹಿತ್ತಲಲ್ಲಿ ನಾಲ್ಕು ಕೋಳಿ ಸಾಕುವ ಆಸೆ.

ನಮ್ಮ ಇಂಡಿ ಪಟ್ಟಣದಲ್ಲಿ ಇದಕ್ಕೆಲ್ಲ ಯಾರೂ ಪರ್ಮಿಷನ್ ಕೇಳುವುದಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಶಿಸ್ತಿನಲ್ಲಿ ಬೆಳೆದ ನಾನು ಮಾತ್ರ ರೂಲ್ಸ್ ತಿಳಿಯಲು ಪುರಸಭೆಗೇ ಹೋಗಿದ್ದೆ. ಅಲ್ಲಿಯ ಕ್ಲಾರ್ಕ್ ನಕ್ಕು, “ಮನಿ ಮಟ್ಟಿಗೆ ನಾಕು ಕೋಳಿಗೆ ಎಲ್ಲೀ ಲೈಸೆನ್ಸ್ ರಿ ಅಮ್ಮಾ? ಬಾಜೂ ಮನಿಯವರು ತಕರಾರು ತರಲಿಲ್ಲಂದ್ರ ಸಾಕು” ಎಂದಿದ್ದ. ನಾನು ಅಷ್ಟಕ್ಕೇ ಬಿಡುವವಳೇ? ‘ನೋ ಆಬ್ಜೆಕ್ಷನ್’ ಕಾಗದ ಬರೆದು ಸಹಿಗೆ ತಂದೆ. ಗಲೀಜು ಮಾಡುವುದಿಲ್ಲ, ನಿಮ್ಮ ನಿದ್ದೆ ಕೆಡಿಸುವ ಹುಂಜವನ್ನಂತೂ ತರುವುದೇ ಇಲ್ಲ ಎಂಬ ಪ್ರಾಮಿಸ್ ಕೂಡ ಅದರಲ್ಲಿತ್ತು.

ಶರಣವ್ವ ಆ ಸಾಲಿನ ಮೇಲೇ ಬೆರಳಿಟ್ಟರು. “ಹುಂಜ ಯಾಕ ಬ್ಯಾಡ್ರಿ ಅಕ್ಕಾರ? ಹಳೇ ಕೊಲ್ಹಾರದಾಗ ಬಾಜೂ ಮನಿ ಹುಂಜ ಕೂಗಿದ ಮ್ಯಾಲೇ ನಮ್ಮವ್ವ ಒಲಿ ಹಚ್ಚತಿದ್ಲು. ಊರು ಡ್ಯಾಮಿನ ನೀರಾಗ ಮುಳುಗಿ ಹೋತು. ಆ ದನಿ ಕೇಳಿ ಎಷ್ಟು ವರ್ಷಾತು! ಈ ಸಾಲು ಹೊಡದ ಹಾಕ್ರಿ, ಸಹಿ ಮಾಡ್ತೇನಿ.”

ಇಷ್ಟು ವರ್ಷ ಗೋಡೆಗೆ ಗೋಡೆ ಹಚ್ಚಿ ಬದುಕಿದರೂ ಅವರ ಮುಳುಗಿದ ಊರಿನ ಬಗ್ಗೆ ನಾನು ಒಂದು ಮಾತೂ ಕೇಳಿರಲಿಲ್ಲ. ಈಗ ನಸುಕಿನಲ್ಲಿ ನಮ್ಮ ಹುಂಜ ಕೂಗಿದೊಡನೆ ಅವರ ಅಡುಗೆಮನೆಯ ಲೈಟ್ ಹತ್ತುತ್ತದೆ. ನಾನು ಹಾಸಿಗೆಯಲ್ಲೇ ಮೆಲ್ಲಗೆ, ‘ಗುಡ್ ಮಾರ್ನಿಂಗ್, ಶರಣವ್ವಾ’ ಎನ್ನುತ್ತೇನೆ.