ಬ್ಯಾರಿಸ್ಟರನ ಬೂಟು

ಮೊನ್ನೆ ಹುಬ್ಬಳ್ಳಿಯ ದೊಡ್ಡ ಅಂಗಡಿಯೊಂದರಲ್ಲಿ ಮಾರಾಟಗಾರ ಕಪ್ಪು ಬೂಟೊಂದನ್ನು ನನ್ನ ಮುಂದಿಟ್ಟು, “ಇಟಾಲಿಯನ್ ಸ್ಟೈಲ್, ಸರ್” ಎಂದ. ಮೂಗಿನ ಹತ್ತಿರ ಹಿಡಿದೆ. ತೊಗಲಿನ ವಾಸನೆ ಇರಲಿಲ್ಲ. ಅಂಟಿನ ವಾಸನೆ ಇತ್ತು. ಬಗ್ಗಿಸಿ ನೋಡಿದೆ, ಬಗ್ಗಲಿಲ್ಲ. “ಇದು ಇಟಲಿಯದಲ್ಲಪ್ಪ” ಎಂದೆ. ಅವನು ನನ್ನ ಸವೆದ ಚಪ್ಪಲಿ ನೋಡಿ ನಗು ನುಂಗಿಕೊಂಡ. ಅವನದೇನೂ ತಪ್ಪಿಲ್ಲ. ಇಟಲಿಯನ್ನು ಭೂಪಟದಲ್ಲಿ ಬಿಟ್ಟರೆ ನಾನು ಎಲ್ಲೂ ಕಂಡವನಲ್ಲ. ಆದರೆ ಆ ದೇಶದ ಬೂಟೊಂದರ ಹೊಟ್ಟೆ ಸೀಳಿದ್ದನ್ನು ಬ್ಯಾಡಗಿಯಲ್ಲಿ ಕೂತು ನೋಡಿದ್ದೇನೆ. ಅದು ನಮ್ಮ ಶೇಖರಣ್ಣನ ಕತೆ. ನಿಂತು ಕೇಳುವಂಥದಲ್ಲ, ಕುಳಿತುಕೊಳ್ಳಿ.

ಶೇಖರಣ್ಣ ನನ್ನ ಒಡಹುಟ್ಟಿದವನು. ಮೂರನೇ ವರ್ಷದಲ್ಲಿ ಪೋಲಿಯೋ ಬಂದು ಅವನ ಎಡಗಾಲು ತೆಳ್ಳಗಾಯಿತು, ತುಸು ಗಿಡ್ಡವೂ ಆಯಿತು. ಅಂದಿನಿಂದ ಅವನಿಗೆ ಡಾಕ್ಟರು ಹೇಳಿ ಮಾಡಿಸಿದ ಬೂಟು: ದಪ್ಪ ಅಟ್ಟೆ, ಪಕ್ಕದಲ್ಲಿ ಕಬ್ಬಿಣದ ಪಟ್ಟಿ. ರಾಣೇಬೆನ್ನೂರಿನ ನಮ್ಮ ಓಣಿಯ ತಿರುವಿಗೆ ಅವನು ಬರುವಷ್ಟರಲ್ಲೇ ಅವ್ವ ಒಲೆಯ ಮೇಲೆ ಹಂಚು ಇಡುತ್ತಿದ್ದಳು. ಸಪ್ಪಳ ಅಷ್ಟು ಮೊದಲೇ ಮನೆ ತಲುಪುತ್ತಿತ್ತು.

ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಅವನಿಗೆ ಕಚೇರಿಯ ಕೆಲಸ. ಸಂಜೆ ಅಲ್ಲಿನ ನಾಟಕದ ತಂಡದಲ್ಲಿ ಪ್ರಾಂಪ್ಟರ್, ಮರೆತವರಿಗೆ ಮಾತು ಎತ್ತಿಕೊಡುವವನು. ಎಲ್ಲರ ಮಾತೂ ಬಾಯಿಪಾಠ, ಕಂಚಿನ ಕಂಠ, ಜಾಗ ಮಾತ್ರ ಪರದೆಯ ಹಿಂದೆ. ಹೊಸ ಶತಮಾನ ಶುರುವಾಗಿ ನಾಲ್ಕೈದು ವರ್ಷವಾಗಿತ್ತೇನೋ, ಹಾವೇರಿಯ ನಾಟಕ ಸ್ಪರ್ಧೆಗೆ ತಂಡ ಸಜ್ಜಾಗುತ್ತಿತ್ತು. ಆಗ ಬ್ಯಾರಿಸ್ಟರನ ಪಾತ್ರ ತನಗೆ ಬೇಕೆಂದು ಮೊದಲ ಸಲ ಬಾಯಿಬಿಟ್ಟು ಕೇಳಿದ. ನಿರ್ದೇಶಕ ಪಾಟೀಲರು ಅವನ ಬೂಟಿನತ್ತ ನೋಡಿದರಂತೆ.

“ಶೇಖರಪ್ಪ, ನಿನ್ನ ಮಾತು ಬಂಗಾರ. ಆದ್ರ ಸ್ಟೇಜು ಹಲಗೀದು. ನೀ ಎರಡ ಹೆಜ್ಜಿ ಇಟ್ರ ಉಳಿದವರ ಮಾತು ಯಾರಿಗೂ ಕೇಳಂಗಿಲ್ಲೋ.”

“ಸಪ್ಪಳ ಇಲ್ದಂಗ ಬಂದ್ರ ಕೊಡ್ತೀರೇನ್ರಿ?”

“ಬಂದು ತೋರಸು. ಕೊಡ್ತೇನಿ.”

ಆ ದಿನಗಳಲ್ಲೇ ಕಾರ್ಖಾನೆಗೆ ಯಂತ್ರ ಕೂಡಿಸಲು ಮಾರ್ಕೊ ಎಂಬ ಇಟಲಿಯ ಎಂಜಿನಿಯರ್ ಬಂದಿದ್ದ. ಒಂದು ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬಂದವನು ಹೊಸ್ತಿಲಾಚೆ ಬೂಟು ಬಿಟ್ಟ. ಒಳಗೆ ಅವನು ಅವ್ವನ ಎಣ್ಣೆಗಾಯಿಯೊಂದಿಗೆ ಸೆಣಸುತ್ತಿರುವಾಗ ಹೊರಗೆ ಶೇಖರಣ್ಣ ಆ ಬೂಟನ್ನು ಅಂಗೈ ಮೇಲಿಟ್ಟು ತೂಗುತ್ತಿದ್ದ.

“ಏ, ಇಲ್ಲಿ ಬಾರೋ. ಇದು ಬೂಟಲ್ಲೋ, ಕಾಲಚೀಲ!”

ಮಾರ್ಕೊಗೆ ಖುಷಿಯೋ ಖುಷಿ. ಅವನ ಊರಿನಲ್ಲಿ ಓಣಿಗೊಂದು ಬೂಟಿನ ಮನೆಯಂತೆ, ಚಿಕ್ಕಪ್ಪನದೂ ಅದೇ ಕೆಲಸವಂತೆ. ಮುರುಕು ಇಂಗ್ಲಿಷಿನಲ್ಲಿ ವಿವರಿಸಿದ. ನಮ್ಮದೂ ಮುರುಕೇ ಆದ್ದರಿಂದ ಚೆನ್ನಾಗಿ ತಿಳಿಯಿತು. ಇಂಗ್ಲಿಷರು ಮಳೆ, ಕೆಸರನ್ನು ಮನಸ್ಸಿನಲ್ಲಿಟ್ಟು ಬೂಟು ಕಟ್ಟುತ್ತಾರೆ. ಮೇಲಿನ ತೊಗಲಿಗೂ ಅಟ್ಟೆಗೂ ನಡುವೆ ಒಂದು ಪಟ್ಟಿ, ಅದಕ್ಕೆ ಎರಡು ಹೊಲಿಗೆ, ಒಳಗೆ ಬೆಂಡು ತುಂಬುತ್ತಾರೆ. ನೀರು ಸುಲಭಕ್ಕೆ ನುಗ್ಗುವುದಿಲ್ಲ, ವರ್ಷಗಟ್ಟಲೆ ಬಾಳುತ್ತದೆ. ಆದರೆ ಹೊಸದರಲ್ಲಿ ಕಾಲೇ ಬೂಟಿನ ಮಾತು ಕೇಳಬೇಕು. ತನ್ನ ಊರಿನದು ಹಾಗಲ್ಲ ಎಂದ. ಒಂದೇ ಹೊಲಿಗೆ, ಒಳಗಿನಿಂದ ನೇರ ಅಟ್ಟೆಗೆ ಇಳಿಯುತ್ತದೆ. ತೆಳು ಅಟ್ಟೆ, ನೀಳ ಮೂತಿ, ಅಂಚು ಕಾಲಿಗೆ ಅಂಟಿದಂತೆ. ಮಳೆಗೆ ತಡೆಯದು, ಬೇಗ ಸವೆಯುತ್ತದೆ. “ಆದರೆ ಬೂಟು ಕಾಲಿನ ಮಾತು ಕೇಳುತ್ತದೆ” ಎಂದು ಅದನ್ನು ಬಿಸಿ ರೊಟ್ಟಿಯಂತೆ ಬಗ್ಗಿಸಿ ತೋರಿಸಿದ.

ಮರುವಾರ, ಅಂಥದನ್ನೇ ಅಣ್ಣನಿಗೆ ಹೊಲಿಸಲೆಂದು, ತನ್ನದೊಂದು ಹಳೆಯ ಜೋಡಿ ಹಿಡಿದು ಅವನೇ ನಮ್ಮೊಡನೆ ಬ್ಯಾಡಗಿಗೆ ಹೊರಟ. ಅಲ್ಲಿದ್ದಳು ರೇಣುಕಕ್ಕ, ಗಂಡ ತೀರಿದ ಮೇಲೆ ಬೂಟಿನ ಅಂಗಡಿಯನ್ನು ತಾನೇ ನಡೆಸುತ್ತಿದ್ದವಳು, ಅಣ್ಣನ ಬೂಟಿಗೆ ಅಟ್ಟೆ ಹಾಕಿಕೊಡುತ್ತಿದ್ದವಳು. ಮೆಣಸಿನಕಾಯಿಯ ಸುಗ್ಗಿ ಬೇರೆ. ಬಸ್ಸಿಳಿಯುತ್ತಲೇ ಮಾರ್ಕೊಗೆ ಸೀನು ಹತ್ತಿತು, ಅಂಗಡಿ ಮುಟ್ಟುವಷ್ಟರಲ್ಲಿ ಕಣ್ಣಲ್ಲಿ ನೀರು ಧಾರಾಕಾರ ಸುರಿಯುತ್ತಿತ್ತು.

“ಹಳೇ ಬೂಟ ಕೊಡಾಕ ಇಷ್ಟ ಅಳಬೇಕೇನ್ರಿ ಸಾಹೇಬ್ರ?” ಎನ್ನುತ್ತ ರೇಣುಕಕ್ಕ ಹೊಲಿಗೆ ಕೊಯ್ದಳು. ಒಳಗೆ ಇಣುಕಿದಳು. “ಅಯ್ಯ, ಇದರಾಗ ಏನೂ ಇಲ್ಲಲ್ರಿ!”

ಏನೂ ಇಲ್ಲದ್ದೇ ಅದರ ಗುಟ್ಟು. ಅದನ್ನೇ ನೋಡಿ ಆಕೆ ಹೊಲಿದ ಮೊದಲ ಜೋಡಿ ಹೂವಿನಷ್ಟು ಹಗುರ. ಅದನ್ನು ಹಾಕಿಕೊಂಡು ಬೀಗುತ್ತ ಬಂದ ಶೇಖರಣ್ಣ ರಾಣೇಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ಹಿಮ್ಮಡ ಹೊರಳಿ ಬಿದ್ದ. ಬೈದುಕೊಂಡೇ ಹಾಕುತ್ತಿದ್ದ ಆ ಗಡುಸು ಬೂಟು ಇಷ್ಟು ವರ್ಷ ಅವನನ್ನು ಎತ್ತಿ ಹಿಡಿದಿತ್ತೆಂದು ಆಗ ತಿಳಿಯಿತು. ಜನ ಸೇರಿದರು. ನಾನು ಅವನ ತೋಳು ಹಿಡಿದೆ.

“ಸಾಕ ಬಿಡೋ ಅಣ್ಣ, ನಾಟಕ ಗೀಟಕ” ಎಂದೆ.

ಅವನು ನೆಲದ ಮೇಲೇ ಕೂತು ಕೇಳಿದ: “ಬಿದ್ದಾಗ ಬೂಟ ಸಪ್ಪಳ ಮಾಡ್ತೇನು?”

“ಇಲ್ಲ.”

“ಹಂಗಾರ ಅರ್ಧ ಕೆಲಸ ಆಗೇತಿ. ನಡಿ, ಬ್ಯಾಡಗಿಗೆ.”

ಎರಡನೆಯ ಜೋಡಿಗೆ ಡಾಕ್ಟರನ್ನೂ ಕೇಳಿದೆವು. ರೇಣುಕಕ್ಕ ಹಿಮ್ಮಡದ ಸುತ್ತ ಎರಡು ಪದರಗಳ ನಡುವೆ ಗಟ್ಟಿ ತೊಗಲು ಅಡಗಿಸಿದಳು. ಗಿಡ್ಡ ಕಾಲಿಗೆ ಒಳಗಡೆಯೇ ಬೆಂಡಿನ ಎತ್ತರ ಕೊಟ್ಟಳು. ಮುಂಭಾಗಕ್ಕೆ ಮಾತ್ರ ಅದೇ ಒಂಟಿ ಹೊಲಿಗೆ, ಅದೇ ತೆಳು ಅಟ್ಟೆ. “ಹಿಂದ ಇಂಗ್ಲೆಂಡು, ಮುಂದ ಇಟಲಿ, ಹೊಲದದ್ದು ಬ್ಯಾಡಗಿ” ಎಂದು ತನ್ನ ಕೆಲಸಕ್ಕೆ ತಾನೇ ನಕ್ಕಳು. ಪಾಟೀಲರು ಶೇಖರಣ್ಣನನ್ನು ಹಲಗೆಯ ಮೇಲೆ ನಡೆಸಿ, ಕಿವಿಗೊಟ್ಟು ಕೇಳಿ, ಹೇಳಿದಂತೆ ಪಾತ್ರ ಕೊಟ್ಟರು.

ಹಾವೇರಿಯ ಸಭಾಂಗಣದಲ್ಲಿ ಅವ್ವ, ನಾನು, ರೇಣುಕಕ್ಕ, ಮಾರ್ಕೊ ಒಂದೇ ಸಾಲಿನಲ್ಲಿ ಕೂತಿದ್ದೆವು. ಅವ್ವ ಹೆದರಿ ಕಣ್ಣು ಮುಚ್ಚಿದ್ದಳು.

“ಬಂದನೇನೋ?”

“ಬಂದು ನಿಂತಾನವ್ವ. ಕಣ್ಣ ತೆಗಿ.”

ಸೂಟು ತೊಟ್ಟು, ತುಸು ವಾಲುತ್ತ, ಬೆಕ್ಕಿನ ಹೆಜ್ಜೆಯಲ್ಲಿ ರಂಗದ ಉದ್ದಕ್ಕೂ ನಡೆದ ಅವನು. ನಮಗೆ ಕೇಳಿದ್ದು ಅವನ ಕಂಠವೊಂದೇ. ಕೊನೆಯ ವಾದ ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಶ್ರೇಷ್ಠ ನಟನ ಬಹುಮಾನ ಕೊಡುತ್ತ ಬೇರೆ ಊರಿನಿಂದ ಬಂದ ತೀರ್ಪುಗಾರರು ಮೈಕಿನಲ್ಲಿ ಹೇಳಿದರು: “ಈ ಪಾತ್ರಕ್ಕೆ ಕುಂಟುನಡಿಗೆ ಅಳವಡಿಸಿದ್ದು ಅದ್ಭುತ ಕಲ್ಪನೆ. ಎಲ್ಲೂ ತಪ್ಪಲಿಲ್ಲ! ಎಷ್ಟು ದಿನ ಅಭ್ಯಾಸ ಮಾಡಿದಿರಿ?”

ಶೇಖರಣ್ಣ ಮೈಕಿಗೆ ಬಾಗಿದ. “ಮೂರ ವರ್ಷದ ಹುಡುಗ ಇದ್ದಾಗಿಂದ ರಿಹರ್ಸಲ್ ನಡದೈತ್ರಿ.”

ತೀರ್ಪುಗಾರರ ದೃಷ್ಟಿ ಅವನ ಕಾಲಿಗೆ ಇಳಿಯಿತು. ಆಮೇಲೆ ಮೊದಲು ನಕ್ಕವನು ಅವನೇ. ಬಳಿಕ ಇಡೀ ಸಭಾಂಗಣ. ಅವ್ವ ನಗುತ್ತಲೇ ಅತ್ತಳು. ಬ್ಯಾಡಗಿಯ ಖಾರ ಅಲ್ಲಿರಲಿಲ್ಲ. ಆದರೂ ಮಾರ್ಕೊ ಕಣ್ಣೊರೆಸಿಕೊಳ್ಳುತ್ತಿದ್ದ.

ಅಂದಿನಿಂದ ಊರಿನ ಬಾಯಲ್ಲಿ ಅವನು ಬ್ಯಾರಿಸ್ಟರ್. ಮೊದಮೊದಲು ನಾನು, “ವಕೀಲರಲ್ರಿ, ಕಾರ್ಖಾನೆಯ ಆಫೀಸಿನಾಗ ಅದಾರ” ಎಂದು ಎಲ್ಲರನ್ನೂ ತಿದ್ದುತ್ತಿದ್ದೆ. ನಿನ್ನೆ ಓಣಿಯ ತುದಿಯಲ್ಲಿ ಅಪರಿಚಿತರೊಬ್ಬರು, “ಬ್ಯಾರಿಸ್ಟರ್ ಶೇಖರಪ್ಪನವರ ಮನಿ ಯಾವುದ್ರಿ?” ಎಂದು ಕೇಳಿದರು.

“ಬರ್ರಿ, ತೋರಸ್ತೇನಿ” ಎಂದು ಎದೆಯುಬ್ಬಿಸಿ ಮುಂದೆ ನಡೆದೆ. “ನಾ ಅವರ ತಮ್ಮ.”