ಹೌದು ಅನ್ನದ ಮಾಮಾ

ಪೆಟ್ಟಿಗೆ ತೆಗೆದ ಕೂಡಲೇ ಮೂಗಿಗೆ ಬಡಿದದ್ದು ಡಾಂಬರ ಗುಳಿಗೆಯ ವಾಸನೆ. ಅದರ ಬೆನ್ನಿಗೇ ಇನ್ನೊಂದು ವಾಸನೆ ಬಂತು, ಒಲೆಯ ಮೇಲೆ ಸುಡುವ ಜೋಳದ ರೊಟ್ಟಿಯದು. ದಿಲ್ಲಿಯಿಂದ ಪಾರ್ಸಲ್ ಬಂದ ತಗಡಿನ ಪೆಟ್ಟಿಗೆಯಲ್ಲಿ ರೊಟ್ಟಿ ಎಲ್ಲಿಂದ ಬರಬೇಕು ಹೇಳ್ರಿ? ವಯಸ್ಸಾಯಿತು, ಮೂಗೂ ಈಗ ತನಗೆ ತಿಳಿದದ್ದನ್ನು ಮೂಸುತ್ತದೆ ಎಂದುಕೊಂಡೆ. ಮಟಮಟ ಮಧ್ಯಾಹ್ನ. ಸಂಶಿಯ ನಮ್ಮ ಓಣಿಯಲ್ಲಿ ನಾಯಿ ಕೂಡ ಮಿಸುಕುತ್ತಿರಲಿಲ್ಲ. ಆದರೂ ಎದ್ದು ಹೋಗಿ ಅಡುಗೆಮನೆಗೆ ಇಣುಕಿ ಬಂದೆ. ಗ್ಯಾಸಿನ ಒಲೆ ತಣ್ಣಗಿತ್ತು.

ಪೆಟ್ಟಿಗೆ ನನ್ನ ಸೋದರಮಾವನದು, ಅವ್ವನ ಬೆನ್ನಿಗೆ ಬಿದ್ದ ಒಬ್ಬನೇ ಅಣ್ಣನದು. ಅಯ್ಯ, ತಪ್ಪಿತು, ಅವನ ಬೆನ್ನಿಗೆ ಬಿದ್ದವಳು ಅವ್ವ. ಮೂವತ್ತು ವರ್ಷ ಮಕ್ಕಳ ವಾಕ್ಯ ತಿದ್ದಿದ ಮಾಸ್ತರಣಿ ನಾನು, ನನ್ನವೇ ನೆಟ್ಟಗಿಲ್ಲ. ಮಾಮಾ ಇದೇ ಊರಿನ ಸಾಲಿಯಲ್ಲಿ ಕಲಿತು, ವಿದೇಶಾಂಗ ಸೇವೆಗೆ ಸೇರಿ, ನಾನು ನಕಾಶೆಯ ಮೇಲೆ ಬೆರಳಿಟ್ಟು ಹುಡುಕುವಂಥ ದೇಶಗಳಿಗೆಲ್ಲ ರಾಯಭಾರಿಯಾಗಿ ಹೋದ. ನಿವೃತ್ತಿಯಾಯಿತು, ಇನ್ನಾದರೂ ಊರಿಗೆ ಬಂದಾನು ಅನ್ನುವಾಗ ಅವನನ್ನು ಕರೆದು ವಿದೇಶಾಂಗ ಮಂತ್ರಿಯನ್ನೇ ಮಾಡಿಬಿಟ್ಟರು. ಹೋದ ವರ್ಷ ತೀರಿಕೊಂಡ. ನಾನು ಮಣ್ಣಿಗೆ ಹೋಗಲಿಲ್ಲ. ಇಪ್ಪತ್ತು ವರ್ಷದಿಂದ ಅವನ ಜೋಡಿ ಮಾತು ಬಿಟ್ಟಿದ್ದೆ.

ಮಾಮಾ ಯಾವುದಕ್ಕೂ ಹೌದು ಅನ್ನುತ್ತಿರಲಿಲ್ಲ. ಇಲ್ಲ ಅಂತಲೂ ಅನ್ನುತ್ತಿರಲಿಲ್ಲ. ಇನ್ನೊಂದು ರೊಟ್ಟಿ ಹಾಕಲೇನು ಅಂದರೆ "ವಿಚಾರ ಮಾಡೂಣು" ಅನ್ನುವ ಮನುಷ್ಯ. ಮಂತ್ರಿಯಾಗಿ ಮೊದಲ ಸಲ ಬಂದಾಗ ಊರವರು ಹಾರ ಹಾಕಿ, "ಸಾಹೇಬ್ರ, ಹುಬ್ಬಳ್ಳಿಗೆ ಇನ್ನೊಂದು ಬಸ್ ಬಿಡಸ್ರಿ" ಎಂದರು. ವಿದೇಶಾಂಗ ಮಂತ್ರಿಗೂ ಹುಬ್ಬಳ್ಳಿ ಬಸ್ಸಿಗೂ ಏನು ಸಂಬಂಧ ಅಂತ ಹೇಳಬೇಕೋ ಬೇಡವೋ? "ನಿಮ್ಮ ಭಾವನಾ ನನಗ ಮುಟ್ಟೇತ್ರಿ" ಅಂದ. ಬಸ್ಸು ಬಂದೇಬಿಟ್ಟಿತೆಂದು ಅವರು ಚಪ್ಪಾಳೆ ತಟ್ಟಿದರು. ಅವ್ವ ಮಾತ್ರ ಬಿಡುತ್ತಿರಲಿಲ್ಲ. "ಹೌದು ಅಂದ್ರ ಬಾಯಾಗಿನ ಮುತ್ತು ಉದರ್ತಾವೇನೋ ಯಣ್ಣಾ?" ಎಂದು ಎಲ್ಲರೆದುರೇ ಕೇಳುತ್ತಿದ್ದಳು. ಅವನು ನಗುತ್ತಿದ್ದ, ಅಷ್ಟೇ.

ಆ ಸಲವೇ ಊಟ ಮಾಡುತ್ತ ತನ್ನ ಕೆಲಸದ ಒಂದು ರೀತಿ ಹೇಳಿದ. ಬೇರೆ ದೇಶದ ದೊಡ್ಡವರಿಗೆ ಕಳಿಸುವ ಸಂತಾಪ ಪತ್ರವನ್ನು ಅವರು ಬದುಕಿದ್ದಾಗಲೇ ಬರೆದು ಇಟ್ಟುಕೊಂಡಿರುತ್ತಾರಂತೆ. ಸುದ್ದಿ ಬಂದ ಮೇಲೆ ಕೂತರೆ ಹೊತ್ತೂ ಇರುವುದಿಲ್ಲ, ಮಾತೂ ಬರುವುದಿಲ್ಲ. "ಗುರುತಿಲ್ಲದವರ ಸಲುವಾಗಿ ದುಃಖ ಎಲ್ಲಿಂದ ತರೂದು? ಅದಕ್ಕ ಮೊದಲ ನಮ್ಮವರನ್ನ ನೆನಸಿ ಒಂದು ಬರೀತೇನಿ. ಕೈ ಹದಕ್ಕ ಬರತದ" ಅಂದ.

ಅವ್ವನ ಕಿವಿ ಮಂದ, ಆದರೆ ಬೇಕಾದದ್ದು ಕೇಳುತ್ತಿತ್ತು. "ಹಂಗಾರ ನಂದೂ ಬರದೀಯೇನು?" ಎಂದಳು.

ಮಾಮಾ ತಾಟು ನೋಡುತ್ತ ಕೂತ. ವಿಚಾರ ಮಾಡೂಣು ಅಂತಲೂ ಅನ್ನಲಿಲ್ಲ.

ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ, ಫೋನಿನಲ್ಲಿ ಕೇಳುತ್ತಿರಲಿಲ್ಲ. ಹಾಗಾಗಿ ಅವನು ತಿಂಗಳಿಗೊಂದು ಪತ್ರ ನನ್ನ ಹೆಸರಿಗೆ ಹಾಕುತ್ತಿದ್ದ, ನಾನು ಕೂಗಿ ಓದುತ್ತಿದ್ದೆ. ಟೀವಿಯಲ್ಲಿ ಇಸ್ತ್ರಿ ಮಾಡಿದಂಥ ಮಾತಾಡುವ ಮಂತ್ರಿ ತಂಗಿಗೆ ಅಗದಿ ಸಂಶಿಯ ಮಾತಿನಲ್ಲೇ ಬರೆಯುತ್ತಿದ್ದ. ಪ್ರತಿ ಪತ್ರದ ಕಡೆಯ ಸಾಲು ಒಂದೇ: "ಹುಡುಗೀನ್ನ ಬೈಬ್ಯಾಡ." ಹುಡುಗಿ ಅಂದರೆ ನಾನು. ನಲವತ್ತು ದಾಟಿದ್ದರೂ ಅವ್ವನ ಬೈಗುಳಕ್ಕೆ ನನಗೇನು ಬರಗಾಲ ಇರಲಿಲ್ಲ.

ದಸರೆಯ ಬನ್ನಿ ಹಬ್ಬಕ್ಕೆ ಹದಿನೈದು ದಿನ ಇರುವಾಗ ಒಂದು ಪತ್ರ ಬಂತು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಒಡೆದು ನೋಡಿದೆ. "ನಿನ್ನ ತಾಯಿಯ ಅಗಲಿಕೆಯ ಸುದ್ದಿ ತಿಳಿದು ಮಾತು ನಿಂತಿದೆ. ಹೊಸ್ತಿಲ ಮೇಲೆ ಕೂತು, ದಾರಿ ನೋಡುತ್ತಲೇ ಆಕೆ ಹೋದಳೆಂದು ಕೇಳಿದೆ."

ಎದುರಿಗೆ ಅವ್ವ ಜೀವಂತ ಕೂತು ರೊಟ್ಟಿ ತಿರುವುತ್ತಿದ್ದಾಳೆ!

"ಏನ ಬರದಾನ? ಓದಬೇ!" ಅಂದಳು.

ಓದಿದೆ. ಅಂದರೆ ಬಾಯಿಗೆ ಬಂದದ್ದು ಕೂಗಿದೆ. "ತಂಗೀ, ಬನ್ನಿ ಹಬ್ಬಕ್ಕ ಬರ್ತೇನಿ. ಈ ಸಲ ಹೌದು ಅಂತೇನಿ ನೋಡು. ಗುರೆಳ್ಳ ಹಿಂಡಿ ಮಾಡಿಡು." ಗೋಡೆಯ ಮೊಳೆಗೆ ಅವ್ವನ ಮುರಿದ ಛತ್ರಿ ತೂಗುತ್ತಿತ್ತು, ಕಣ್ಣು ಅದರ ಮೇಲೆ ಬಿತ್ತು. "ನಿನಗ ಕರೀ ಛತ್ರಿ ತರ್ತೇನಿ, ಬಿದಿರಿನ ಹಿಡಕಿಂದು" ಎಂದೂ ಸೇರಿಸಿದೆ.

"ಹೌದು ಅಂತ ಬರದಾನ? ಖರೇನ?" ಮೂರು ಸಲ ಕೇಳಿದಳು. ಆಮೇಲೆ, "ಕಡೀ ಮಾತು?"

ಗಾಬರಿಯಲ್ಲಿ ಅದು ಮರೆತೇಹೋಗಿತ್ತು. "ಇಲ್ಲಬೇ, ಮುಗೀತು" ಅಂದೆ.

"ಹಂಗಾರ ಈ ಸಲ ಬೈಬೌದು" ಎಂದು ನಕ್ಕಳು.

ಹೊಸ್ತಿಲ ಮೇಲೆ ಕೂಡಬಾರದು ಎಂದು ಊರ ಮಂದಿಗೆಲ್ಲ ಗದರುತ್ತಿದ್ದ ಅವ್ವ ಮರುದಿನದಿಂದ ಹೊಸ್ತಿಲ ಮೇಲೇ ಕೂಡತೊಡಗಿದಳು. ಒಳಗೆ ಬಾ ಎಂದು ಕೈ ಹಿಡಿದು ಜಗ್ಗಿದೆ, ಬೈದೆ, ಅತ್ತೆ. "ಅವ ಹೌದು ಅಂದಾನ, ನಾ ಇಲ್ಲಿ ಇರಬೇಕು" ಅಂದಳು. ಪತ್ರ ಸುಳ್ಳು ಎಂದು ಹೇಳಬಹುದಿತ್ತು. ಹೇಳಿದ್ದರೆ ಅದರಲ್ಲಿ ಏನಿತ್ತು ಅಂತಲೂ ಹೇಳಬೇಕಾಗುತ್ತಿತ್ತು. ಹಬ್ಬದ ದಿನ ಬೆಳಿಗ್ಗೆ ಚಹಾ ಕೊಡಲು ಹೋದೆ. ಬಾಗಿಲ ಚೌಕಟ್ಟಿಗೆ ತಲೆಯಾನಿಸಿದ್ದಳು. ಕಣ್ಣು ದಾರಿಯ ಕಡೆಗೇ ತೆರೆದಿದ್ದವು.

ಇನ್ನೂ ಯಾರಿಗೂ ಸುದ್ದಿ ಕಳಿಸಿರಲಿಲ್ಲ. ಓಣಿಯ ನಾಲ್ಕು ಮಂದಿ ಕೂಡುವಷ್ಟರಲ್ಲಿ ಒಂದು ಕಾರು ಬಂದು ನಿಂತಿತು. ಮಾಮಾ ಇಳಿದ. ಅವನ ಕೈಯಲ್ಲಿ ಕರೀ ಛತ್ರಿ ಇತ್ತು, ಬಿದಿರಿನ ಹಿಡಿಕೆಯದು.

ಆಗ ನನಗಾದದ್ದು ದುಃಖವಲ್ಲ, ಹೆದರಿಕೆ. ಇವನಿಗೆ ಎಲ್ಲ ಮೊದಲೇ ಗೊತ್ತಿತ್ತು ಅನ್ನಿಸಿತು. ಬ್ಲೌಸಿನೊಳಗೆ ಇಟ್ಟುಕೊಂಡಿದ್ದ ಆ ಪತ್ರವನ್ನು ಅವನ ಮುಂದೆ ಹಿಡಿದೆ. "ನೀ ಬರದಿ, ಆಕಿ ಹೋದಳು" ಅಂದೆ. ಅವನು ಓದಿದ. "ಇದು ಹೋಗಬಾರದಿತ್ತು... ಆಫೀಸಿನವರು... ಇನ್ನೊಂದು..." ಎಂದು ಏನೋ ಹೇಳಹೊರಟ. ಹತ್ತು ದೇಶದವರನ್ನು ಮಾತಿನಿಂದಲೇ ಸಮಾಧಾನ ಮಾಡಿದವನಿಗೆ ನಾನು ಒಂದು ವಾಕ್ಯ ಮುಗಿಸಗೊಡಲಿಲ್ಲ. "ಇನ್ನ ಮ್ಯಾಲೆ ಮಾರಿ ತೋರಸಬ್ಯಾಡ" ಅಂದೆ. ಅವ್ವನ ಮಣ್ಣು ಮುಗಿಸಿ, ಛತ್ರಿಯನ್ನು ಬಾಗಿಲ ಮೂಲೆಗೆ ಆನಿಸಿಟ್ಟು ಹೋದ. ಅಲ್ಲೇ ಇದೆ, ಇವತ್ತಿಗೂ. ಕಸ ಹೊಡೆಯುವಾಗ ಅದನ್ನು ಸುತ್ತುಹಾಕಿಯೇ ಹೊಡೆಯುತ್ತೇನೆ.

ನಿಮ್ಮ ಮುಂದೆ ಮುಚ್ಚಿಡುವುದೇನು? ಮಾಮಾನ ಮೇಲೆ ಸಿಟ್ಟು ಇಟ್ಟುಕೊಂಡದ್ದು ನನಗೆ ಅನುಕೂಲವಾಗಿತ್ತು. ಅವನು ಹೊಸ್ತಿಲು ಎಂದು ಬರೆದಿದ್ದ, ಖರೆ. ಅವ್ವನನ್ನು ಆ ಹೊಸ್ತಿಲಿಗೆ ತಂದು ಕೂಡಿಸಿದ್ದು ನನ್ನ ಸುಳ್ಳು. ಅದನ್ನು ಇಪ್ಪತ್ತು ವರ್ಷ ಯಾರಿಗೂ ಹೇಳಲಿಲ್ಲ. ಅವನಿಂದ ಬಂದ ಪತ್ರಗಳನ್ನೆಲ್ಲ ಒಡೆಯದೆ, ಮೇಲೆ "ವಾಪಸ್" ಎಂದು ಬರೆದು ತಿರುಗಿ ಹಾಕಿದೆ.

ಆ ಲಕೋಟೆಗಳೇ ಈಗ ಪೆಟ್ಟಿಗೆಯಲ್ಲಿ ಬಂದಿವೆ. ಒಂದನ್ನೂ ಒಡೆದಿಲ್ಲ, ಎಲ್ಲದರ ಮೇಲೂ ನನ್ನದೇ ದುಂಡು ಅಕ್ಷರ. ಎಲ್ಲಕ್ಕಿಂತ ಹಳೆಯದನ್ನು ಹುಡುಕಿ ಒಡೆದೆ. ಒಳಗಿದ್ದ ಹಾಳೆಯ ಮೇಲಿನ ತಾರೀಖು ಆ ಸಂತಾಪ ಪತ್ರದ ತಾರೀಖೇ. ಆ ದಿನ ಬರಬೇಕಾಗಿದ್ದ ಪತ್ರ ಇದು; ಲಕೋಟೆಗೆ ಹಾಕುವವರು ಅದಲುಬದಲು ಮಾಡಿದ್ದರು. ಅಲ್ಲೇ ಉಳಿದ ಇದನ್ನು ಮಾಮಾ ಅವ್ವನ ಮಣ್ಣಾದ ಮೇಲೆ ನನಗೆ ಹಾಕಿದ್ದ.

"ತಂಗೀ, ಬನ್ನಿ ಹಬ್ಬಕ್ಕ ಬರ್ತೇನಿ. ಈ ಸಲ ಹೌದು ಅಂತೇನಿ ನೋಡು. ಗುರೆಳ್ಳ ಹಿಂಡಿ ಮಾಡಿಡು. ನಿನಗ ಕರೀ ಛತ್ರಿ ತರ್ತೇನಿ, ಬಿದಿರಿನ ಹಿಡಕಿಂದು."

ನಾನು ಕೂಗಿದ್ದೇ ಮಾತು. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಈ ಮಾತು ನನ್ನ ಬಾಯಿಗೆ ಕೊಟ್ಟವರು ಯಾರು? ಗೊತ್ತಿಲ್ಲ. ನನಗೆ ತಿಳಿದದ್ದು ಇಷ್ಟೇ: ಅವ್ವ ಸುಳ್ಳಿಗೆ ಕಾಯಲಿಲ್ಲ. ಅವನು ಹೌದು ಅಂದಿದ್ದ, ಬಂದೂ ಬಂದಿದ್ದ. ನಾನು ಅವನ ಮಣ್ಣಿಗೆ ಹೋಗಲಿಲ್ಲ. ಹಾಳೆ ಎದೆಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ.

ಕೆಳಗೆ ಇನ್ನೂ ಒಂದು ಸಾಲು ಇತ್ತು. ಅವ್ವ ಕೇಳಿದಾಗ ನಾನು ಇಲ್ಲವೆಂದ ಕಡೆಯ ಮಾತು. ಯಾವಾಗಿನದಕ್ಕಿಂತ ಈ ಸಲ ತುಸು ಉದ್ದವಿತ್ತು.

"ಹುಡುಗೀನ್ನ ಬೈಬ್ಯಾಡ. ಆಕೀದೇನೂ ತಪ್ಪಿಲ್ಲ."

ರೊಟ್ಟಿಯ ವಾಸನೆ ಮತ್ತೆ ಬಂತು. ಈ ಸಲ ನಾನು ಎದ್ದು ಇಣುಕಲಿಲ್ಲ. ಕಣ್ಣೊರೆಸಿಕೊಂಡು ಅಡುಗೆಮನೆಯ ಕಡೆಗೆ ತಿರುಗಿ ಕೂತು, ಪತ್ರವನ್ನು ಮೊದಲಿನಿಂದ ಕಡೆಯ ಸಾಲಿನ ತನಕ ಜೋರಾಗಿ, ಕೂಗಿ ಓದಿದೆ. ಅವ್ವನ ಕಿವಿ ಮಂದ.