ಅರ್ಧಕ್ಕೆ ನಿಂತ ‘ಕೊಂಡೆ’

ಬೀದಿಯಲ್ಲಿ ಕರೆಂಟು ಹೋದರೆ ಜನ ಮೊದಲು ಬೈಯುತ್ತಿದ್ದುದು ಸರ್ಕಾರವನ್ನಲ್ಲ, ಹೊಗೆಮಾಮನನ್ನು. ಅವನ ಡೀಸೆಲ್ ಜನರೇಟರಿನಿಂದ ದರ್ಜಿ, ಕ್ಷೌರದವನು, ಜೆರಾಕ್ಸಿನವನು ಎಲ್ಲರ ಅಂಗಡಿಗೂ ತಂತಿ ಹೋಗಿತ್ತು. ಬೆಳಕಿನ ಜೊತೆ ಕೆಮ್ಮೂ ಹೋಗುತ್ತಿತ್ತು. ಆ ಹೊಗೆಯ ವಿರುದ್ಧ ಧಿಕ್ಕಾರ ಕೂಗಿದವರಲ್ಲಿ ನಾನೂ ಒಬ್ಬ. ಕೂಗಿ ಗಂಟಲು ಒಣಗಿದಾಗ ನೀರು ಕೊಟ್ಟವನು ಅವನೇ.

ಇನ್ನು ಡೀಸೆಲ್ ನಡೆಯುವುದಿಲ್ಲ ಎಂದು ನಗರಸಭೆ ಹೇಳಿದ ಮೇಲೆ ಅವನ ಕಾಲು ಒಂದೆಡೆ ನಿಲ್ಲಲಿಲ್ಲ. ಮಾಳಿಗೆಗೆ ಸೋಲಾರ್ ಪ್ಯಾನೆಲ್ ಏರದಿದ್ದರೆ ಕಸುಬಿಗೆ ಮಣ್ಣು. ಬ್ಯಾಂಕಿನವರು ಸಾಲಕ್ಕೆ ತಯಾರಿದ್ದರು. ಬಡ್ಡಿ ಹರಾಮು, ಮುಟ್ಟುವುದಿಲ್ಲ ಎಂದ. ಉಳಿದದ್ದು ಹೆಂಡತಿಯ ಅಣ್ಣ ನಡೆಸುತ್ತಿದ್ದ ಬಡ್ಡಿಯಿಲ್ಲದ ಸಂಘ. ಅಲ್ಲಿನ ರೀತಿ ಬೇರೆ: ಸಂಘ ಸಾಮಾನನ್ನು ಮೊದಲು ತಾನೇ ಕೊಂಡು, ಕೈವಶ ಮಾಡಿಕೊಂಡು, ಆಮೇಲೆ ಲಾಭವಿಟ್ಟು ಕಂತಿಗೆ ಮಾರಬೇಕು. ಸಂಘದವರು ‘ಮಾರಿದೆ’ ಎನ್ನಬೇಕು, ಇವನು ‘ಕೊಂಡೆ’ ಎನ್ನಬೇಕು. ಅಲ್ಲಿಯವರೆಗೆ ಒಡೆದರೂ ಮುರಿದರೂ ಸಂಘದ ತಲೆಗೆ.

ಸಂಘ ಕೊಂಡ ಪ್ಯಾನೆಲ್ಲುಗಳ ಲಾರಿ ಬಂದ ದಿನ ಭಾವನಿಗೆ ಬೇರೆಲ್ಲೋ ಕೆಲಸ. ಫೋನಿನಲ್ಲೇ ‘ಮಾರಿದೆ’ ಅಂದುಬಿಟ್ಟ. ತಿಂಗಳುಗಟ್ಟಲೆ ಆ ಮಾತನ್ನು ನಾಲಿಗೆ ತುದಿಯಲ್ಲಿಟ್ಟುಕೊಂಡಿದ್ದ ಮಾಮ ‘ಕೊಂ’ ಎನ್ನುವಷ್ಟರಲ್ಲಿ ಹಗ್ಗ ಜಾರಿತು, ಪ್ಯಾನೆಲ್ಲುಗಳು ನೆಲಕ್ಕೆ. ಗಾಜೆಲ್ಲ ಜೇಡರ ಬಲೆ. ಲಾರಿಯವನನ್ನು ಹಿಡಿದು ಅಲುಗಿಸಿದರೂ ಬೀಡಿ ಬಿಟ್ಟು ಬೇರೇನೂ ಉದುರುವಂತಿರಲಿಲ್ಲ.

ಭಾವ ಓಡಿಬಂದ. ಬೀದಿಯೇ ಪಂಚಾಯಿತಿಗೆ ಕೂತಿತು. ಮಾಮ ಮಾತು ಪೂರ್ತಿ ಆಡಿದನೆಂದು ದರ್ಜಿ, ಅರ್ಧವೆಂದು ಕ್ಷೌರದವನು. ಅದು ಕೊಂಡೆಯೋ ಕೊಂದೆಯೋ ಎಂದು ಕೇಳಿ ಜೆರಾಕ್ಸಿನವನು ಬೈಸಿಕೊಂಡ. ಸಂಘದಲ್ಲಿರುವುದು ಹಮಾಲಿಗಳ, ಮನೆಗೆಲಸದವರ ದುಡ್ಡು, ಅವರಿಗೇನು ಹೇಳಲಿ ಎಂದು ಭಾವ ಬೆವರೊರೆಸಿಕೊಂಡ. ಅದು ಮಾಮನಿಗೂ ಗೊತ್ತು. ಅದಕ್ಕೇ ಅವನಿಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ.

“ಅಂದೆನೋ ಇಲ್ವೋ ನಂಗೇ ಗೊತ್ತಿಲ್ಲ ಭಾವ,” ಎಂದ ಕೊನೆಗೆ. “ಆದ್ರೆ ನೀವು ಅದನ್ನ ಮುಟ್ಟೇ ಇರಲಿಲ್ಲ. ಏನನ್ನ ಮಾರಿದ್ರಿ? ಲಾಭ ನಿಮಗೆ, ಪೆಟ್ಟು ನಂಗೆ ಅನ್ನೋದಾದ್ರೆ ಬ್ಯಾಂಕಿನವನೇ ವಾಸಿ, ಟೀ ಆದ್ರೂ ಕೊಡ್ತಾನೆ.”

ಸಂಘದ ಮೊದಲ ಸಭೆಯಲ್ಲಿ ಈ ಪಾಠ ಹೇಳಿದ್ದವನು ಭಾವನೇ.

“ನನ್ನ ಮಾತನ್ನ ನನ್ನ ಬಾಯಿಗೇ ತುರುಕ್ತೀರಲ್ಲ,” ಎಂದು ತಂಗಿಯತ್ತ ನೋಡಿದ.

“ನನ್ನ ಉಳಿತಾಯನೂ ಅಲ್ಲೇ ಇದೆ ಅಣ್ಣ, ನಂದೂ ಒಡೀತು,” ಎಂದು ಅವಳು ಪೊರಕೆ ತಂದಳು.

ನಷ್ಟ ಸಂಘದ್ದಾಯಿತು. ಆಮೇಲಿನ ದಿನಗಳಲ್ಲಿ ಮಾಮ ಹಮಾಲಿಗಳ ಮುಖ ತಪ್ಪಿಸಿ ಹಿತ್ತಿಲ ಸಂದಿಯಲ್ಲಿ ಓಡಾಡಿದ. ತಪ್ಪು ಮಾಡದವನೂ ಹಾಗೆ ಓಡಾಡುವುದನ್ನು ನಾನು ನೋಡಿದ್ದು ಅದೇ ಮೊದಲು. ಎರಡನೇ ಲಾರಿ ಬಂದಾಗ ಭಾವ ಒಂದೊಂದು ಪ್ಯಾನೆಲ್ಲನ್ನೂ ಇಳಿಸಿಕೊಂಡು, ಅಂಗೈಯಿಟ್ಟು ನೋಡಿ, ‘ಮಾರಿದೆ’ ಎಂದ. ಮಾಮ ಕೂಗಿದ ‘ಕೊಂಡೆ’ಗೆ ಕ್ಷೌರದವನ ಕತ್ತರಿ ನಿಂತಿತು.

ಮಾಮನಿಗೆ ಈಗಲೂ ನೆಮ್ಮದಿಯಿಲ್ಲ. ಆಕಾಶದಲ್ಲಿ ಅಂಗೈಯಗಲ ಮೋಡ ಕಂಡರೂ ಬಟ್ಟೆ ಹಿಡಿದು ಮಾಳಿಗೆ ಹತ್ತುತ್ತಾನೆ, ಪ್ಯಾನೆಲ್ ಒರೆಸಿದರೆ ಮೋಡ ಹೋದೀತು ಎಂಬಂತೆ.